ದ್ವೀಪಯಾತ್ರೆಯ ಸಿದ್ಧತೆ

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೋಶ ಓದುವುದಕ್ಕೆ ಕಾಲೇಜಿನ ಗ್ರಂಥಭಂಡಾರವಿದೆ. ದೇಶ ಸುತ್ತುವುದಕ್ಕೆ ಹಣವೂ ರಜೆಯೂ ಬೇಕು. ಇವೆರಡೂ ವಿದ್ಯಾರ್ಥಿಗಳಿಗೆ ಒಟ್ಟಿಗೆ ದೊರೆಯುವುದು ವಿರಳ. ಆದರೆ ಸುತ್ತುವುದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅದಕ್ಕೆ ಒಂದು ಕಾಗದ, ಒಂದು ಪೆನ್ಸಿಲು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಅದೇ ಪ್ರಯಾಣದ ಯೋಜನೆ. ಕಳೆದ ನಾಲ್ಕು ತಿಂಗಳಿಂದ ನಾವು ನಾಲ್ವರು ಗೆಳೆಯರು ಈ ಕೆಲಸದಲ್ಲಿ ತೊಡಗಿದ್ದೆವು. ಅದರಿಂದ ಕಲಿತುದನ್ನು ವಾಚಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಮೊದಲ ಸಂಕಲ್ಪ ಹೀಗಿತ್ತು. ಒಂದು, ಮೇ ತಿಂಗಳಲ್ಲಿ ಪರೀಕ್ಷೆ ಮುಗಿದ ಮಾರನೆಯ ದಿನವೇ ಉಡುಪಿಯ ಬಳಿಯ ಮಲ್ಪೆಗೆ ಹೋಗುವುದು. ಎರಡು, ಅಲ್ಲಿಂದ ಎರಡು ಕಯಾಕ್‌ಗಳಲ್ಲಿ ಹುಟ್ಟುಹಾಕಿಕೊಂಡು ಸೇಂಟ್ ಮೇರೀಸ್ ದ್ವೀಪವನ್ನು ಸೇರುವುದು. ಮೂರು, ದಾರಿಯಲ್ಲಿ ಗಾಳ ಹಾಕಿ ಮೀನು ಹಿಡಿಯುವುದು. ನಾಲ್ಕು, ರಾತ್ರಿ ದ್ವೀಪದ ಮೇಲೆ ಗುಡಾರ ಹಾಕಿ, ಮೀನು ಸುಟ್ಟು ತಿಂದು, ನಕ್ಷತ್ರ ನೋಡುತ್ತ ಮಲಗುವುದು. ಐದು, ಬೆಳಿಗ್ಗೆ ಎದ್ದು ಹಿಂತಿರುಗುವುದು. ಹೇಳುವುದಕ್ಕೆ ಐದೇ ವಾಕ್ಯ. ಇವುಗಳಲ್ಲಿ ನಾಲ್ಕು ತಪ್ಪಾಗಿದ್ದುವೆಂಬುದು ತಿಳಿಯುವುದಕ್ಕೆ ನಾಲ್ಕು ತಿಂಗಳು ಬೇಕಾಯಿತು.

ಇಲವಾಲ ಮತ್ತು ನೀರು

ನನ್ನ ಊರು ಇಲವಾಲ. ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯ ಮೇಲಿದೆ. ೧೯೫೭ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರೂ ಪ್ರಧಾನಿ ನೆಹರೂ ಅವರೂ ಸೇರಿದ್ದ ಗ್ರಾಮದಾನ ಸಮ್ಮೇಳನದಿಂದ ಈ ಹೆಸರು ದೇಶಕ್ಕೆಲ್ಲ ಪರಿಚಯವಾಯಿತು. ಇಲ್ಲಿಂದ ಮಲ್ಪೆಗೆ ಮಡಿಕೇರಿ, ಮಂಗಳೂರು ಮಾರ್ಗವಾಗಿ ಸುಮಾರು ೩೦೦ ಕಿಲೋಮೀಟರು. ಸಮುದ್ರಕ್ಕೂ ಇಂಥ ಊರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಮುದ್ರ ದೂರವಾದರೂ ನೀರು ದೂರವಲ್ಲ. ಊರಿನಿಂದ ಉತ್ತರಕ್ಕೆ ಮೀನಾಕ್ಷೀಪುರದ ಕಡೆ ನಡೆದರೆ ಕೃಷ್ಣರಾಜಸಾಗರದ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿದೆ. ಕಟ್ಟೆ ತುಂಬಿದಾಗ ನೀರಿನ ಮಟ್ಟ ೧೨೪.೮೦ ಅಡಿ ಎಂಬುದನ್ನು ನಮ್ಮ ಕಡೆಯ ಮಕ್ಕಳು ಮಗ್ಗಿಯಷ್ಟೇ ಚೆನ್ನಾಗಿ ಬಲ್ಲರು.

ಆ ಹಿನ್ನೀರಿನಲ್ಲಿ ಹರಿಗೋಲಿನಿಂದ ಬಲೆ ಬಿಟ್ಟು ನಮ್ಮ ತಂದೆ ನಮ್ಮನ್ನು ಸಾಕಿದ್ದಾರೆ. ಕಾಟ್ಲಾ, ರೋಹು, ಜಿಲೇಬಿ ಮೀನುಗಳ ಹಣದಲ್ಲಿಯೇ ನನ್ನ ಕಾಲೇಜಿನ ಶುಲ್ಕ ಸಂದಾಯವಾಗಿದೆ. ಆದ್ದರಿಂದ ದೋಣಿಯ ವಿಷಯ ನನಗೆ ಗೊತ್ತೆಂಬ ಒಂದು ಹೆಮ್ಮೆ ನನ್ನಲ್ಲಿತ್ತು. ಗೆಳೆಯರು ನನ್ನನ್ನು ಮುಂದಾಳನ್ನಾಗಿ ಮಾಡಿಕೊಂಡುದಕ್ಕೂ ಅದೇ ಕಾರಣ.

ಹರಿಗೋಲಿಗೂ ಕಯಾಕ್‌ಗೂ ಒಂದು ವಿಚಿತ್ರವಾದ ನಂಟಿದೆ. ಎರಡೂ ಹುಟ್ಟಿನಿಂದ ಚರ್ಮದ ದೋಣಿಗಳೇ. ಉತ್ತರ ಧ್ರುವದ ಬಳಿಯ ಇನ್ಯೂಟ್ ಜನರು ತೇಲಿಬಂದ ಮರ, ಇಲ್ಲವೆ ಪ್ರಾಣಿಯ ಎಲುಬಿನಿಂದ ಹಂದರ ಕಟ್ಟಿ, ಸೀಲ್ ಪ್ರಾಣಿಯ ಚರ್ಮ ಹೊದಿಸಿ ಕಯಾಕ್ ಮಾಡಿಕೊಂಡರು. ನಮ್ಮವರು ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿ ಹರಿಗೋಲು ಮಾಡಿಕೊಂಡರು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತಹ ಈ ದೋಣಿಗಳನ್ನು ಕಂಡು ಬರೆದಿದ್ದಾನೆ. ಈಗ ಅದಕ್ಕೆ ತೊಗಲಿನ ಬದಲು ಟಾರು ಬಳಿದ ಪ್ಲಾಸ್ಟಿಕ್ ಹಾಳೆ. ಇದಕ್ಕೆ ಚರ್ಮದ ಬದಲು ಅಚ್ಚು ಹೊಯ್ದ ಪ್ಲಾಸ್ಟಿಕ್.

ಆದರೆ ಆಕಾರದಲ್ಲಿ ಭೇದವಿದೆ. ಹರಿಗೋಲು ದುಂಡಗಿರುವುದರಿಂದ ಹೆಚ್ಚು ಭಾರ ಹೊರುತ್ತದೆ, ಸುಲಭವಾಗಿ ಮಗುಚುವುದಿಲ್ಲ. ಆದರೆ ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಗಾಳಿ ಎತ್ತ ತಳ್ಳಿದರೆ ಅತ್ತ ಹೋಗುತ್ತದೆ. ಕಯಾಕ್ ಉದ್ದವಾಗಿ, ಕಿರಿದಾಗಿ ಇರುವುದರಿಂದ ನೀರನ್ನು ಸೀಳಿಕೊಂಡು ನೇರವಾಗಿ ಓಡುತ್ತದೆ. ಆದರೆ ಅಲೆಗೆ ಅಡ್ಡಲಾಗಿ ನಿಂತರೆ ಮಗುಚಿಕೊಳ್ಳುತ್ತದೆ. ಹರಿಗೋಲಿನಲ್ಲಿ ಬೆಳೆದವನಿಗೆ ಕಯಾಕ್ ತಾನಾಗಿಯೇ ಬರುತ್ತದೆಂದು ನಾನು ತಿಳಿದುದು ಮೊದಲ ಅಹಂಕಾರ. ಅದಕ್ಕೆ ಆದ ಶಾಸ್ತಿಯನ್ನು ಮುಂದೆ ಹೇಳುತ್ತೇನೆ.

ದ್ವೀಪದ ಪರಿಚಯ

ಮಲ್ಪೆಯ ಕಡಲತೀರದಿಂದ ಸುಮಾರು ೬ ಕಿಲೋಮೀಟರು ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಸಮೂಹವಿದೆ. ತೆಂಗಿನ ಮರಗಳಿರುವ ತೋನ್ಸೆಪಾರು ದ್ವೀಪಕ್ಕೆ ಪ್ರವಾಸಿಗಳು ದೋಣಿಯಲ್ಲಿ ಹೋಗಿಬರುತ್ತಾರೆ. ೧೪೯೮ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟನೆಂದು ಪ್ರತೀತಿ. ಆದರೆ ದ್ವೀಪದ ನಿಜವಾದ ಚರಿತ್ರೆ ಅದರ ಬಂಡೆಗಳಲ್ಲಿದೆ. ಸುಮಾರು ೮.೮ ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿಬಂದ ಲಾವಾರಸವು ಆರಿ, ಕುಗ್ಗಿ, ಬಿರಿದು, ಐದು ಆರು ಮುಖಗಳ ಕಂಬಗಳಾಗಿ ನಿಂತಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಸರು ಒಣಗಿ ಬಿಲ್ಲೆಬಿಲ್ಲೆಯಾಗಿ ಒಡೆಯುವುದನ್ನು ನಮ್ಮ ಊರಿನವರೆಲ್ಲ ನೋಡಿದ್ದಾರೆ. ಕೆಸರು ನೀರನ್ನು ಕಳೆದುಕೊಂಡು ಕುಗ್ಗುತ್ತದೆ, ಲಾವಾ ಶಾಖವನ್ನು ಕಳೆದುಕೊಂಡು ಕುಗ್ಗುತ್ತದೆ. ಬಿರುಕಿನ ನಿಯಮ ಮಾತ್ರ ಒಂದೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಇಂತಹ ಸ್ಥಳದಲ್ಲಿ ರಾತ್ರಿ ತಂಗುವುದಕ್ಕೆ ಅವಕಾಶವಿಲ್ಲ. ಸಂಜೆಯಾಗುವುದರೊಳಗೆ ಎಲ್ಲರೂ ದಡಕ್ಕೆ ಮರಳಬೇಕು. ಹೀಗೆ ನಮ್ಮ ನಾಲ್ಕನೆಯ ವಾಕ್ಯ ಬಿದ್ದುಹೋಯಿತು. ಗೆಳೆಯನೊಬ್ಬ ‘ಕತ್ತಲಾದ ಮೇಲೆ ಯಾರು ನೋಡುತ್ತಾರೆ?’ ಎಂದ. ನಾನೂ ಮೊದಲು ಅವನ ಪಕ್ಷವನ್ನೇ ವಹಿಸಿದೆನೆಂದು ಒಪ್ಪಿಕೊಳ್ಳಬೇಕು. ಆದರೆ ಯೋಚಿಸಿದಾಗ, ಯಾರೂ ನೋಡದಿರುವುದೇ ಅಪಾಯವೆಂದು ತೋರಿತು. ನಾವು ಅಲ್ಲಿರುವುದು ಯಾರಿಗೂ ತಿಳಿಯದಿದ್ದರೆ, ಕಷ್ಟ ಬಂದಾಗ ಯಾರೂ ಬರುವುದಿಲ್ಲ.

ಕಾಲ ಮತ್ತು ಗಾಳಿ

ಮೇ ತಿಂಗಳ ಉತ್ತರಾರ್ಧದಲ್ಲಿ ಅರಬ್ಬೀ ಸಮುದ್ರವು ಮುಂಗಾರಿಗೆ ಸಿದ್ಧವಾಗುತ್ತಿರುತ್ತದೆ. ಆಕಾಶ ತಿಳಿಯಾಗಿದ್ದರೂ ದೂರದ ಬಿರುಗಾಳಿ ಎಬ್ಬಿಸಿದ ಅಲೆಗಳು ನಮ್ಮ ದಡಕ್ಕೆ ಬಂದು ಬಡಿಯುವುದುಂಟು. ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನುಗಳ ಸಂತಾನ ವೃದ್ಧಿಯ ಕಾಲ, ಕಡಲೂ ಉಗ್ರವಾಗಿರುವ ಕಾಲ. ದೊಡ್ಡ ದೋಣಿಗಳೇ ಬಂದರಿನಲ್ಲಿ ಲಂಗರು ಹಾಕಿ ನಿಲ್ಲುವ ಹೊತ್ತು ಹತ್ತಿರವಾಗುತ್ತಿರುವಾಗ ಹತ್ತಡಿಯ ಕಯಾಕ್ ಹಿಡಿದು ಹೊರಡುವುದು ಜಾಣತನವಲ್ಲ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲವೇ ಉತ್ತಮ. ಇದರಿಂದ ಮೊದಲನೆಯ ವಾಕ್ಯವೂ ಬಿದ್ದಿತು.

ಗಾಳಿಯ ವಿಷಯವಾಗಿ ಭೂಗೋಳದ ಪಾಠದಲ್ಲಿ ಓದಿದುದು ಇಲ್ಲಿ ಉಪಯೋಗಕ್ಕೆ ಬಂದಿತು. ಹಗಲಿನಲ್ಲಿ ನೆಲವು ಬೇಗ ಕಾಯುತ್ತದೆ; ಅದರ ಮೇಲಿನ ಗಾಳಿ ಹಗುರವಾಗಿ ಮೇಲಕ್ಕೇರುತ್ತದೆ; ಆ ಜಾಗಕ್ಕೆ ಸಮುದ್ರದ ಕಡೆಯಿಂದ ಗಾಳಿ ನುಗ್ಗುತ್ತದೆ. ಇದೇ ಕಡಲಗಾಳಿ. ರಾತ್ರಿ ನೆಲವು ಬೇಗ ಆರುವುದರಿಂದ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಇದು ನೆಲಗಾಳಿ, ಬೆಳಗಿನ ಜಾವದವರೆಗೂ ಇರುತ್ತದೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಇಷ್ಟು ಸಾಕು. ಆದರೆ ಕಯಾಕ್‌ನಲ್ಲಿ ಕುಳಿತವನಿಗೆ ಇದರ ಅರ್ಥವೇ ಬೇರೆ. ಬೆಳಿಗ್ಗೆ ಹೊರಟರೆ ಬೆನ್ನ ಹಿಂದಿನ ಗಾಳಿ ಮೆಲ್ಲಗೆ ದೂಡಿ ‘ಎಷ್ಟು ಸುಲಭ!’ ಎನ್ನಿಸುತ್ತದೆ; ದಣಿದು ಹಿಂತಿರುಗಿ ನೋಡಿದಾಗ ದಡ ದೂರವಾಗಿರುತ್ತದೆ. ಬೆಳಿಗ್ಗೆಯೇ ದ್ವೀಪದಿಂದ ಮರಳುವೆವೆಂದರೆ ಅದೇ ಗಾಳಿ ಎದುರಿಗೆ. ಮಧ್ಯಾಹ್ನ ಮರಳುವೆವೆಂದರೆ ಕಡಲಗಾಳಿ ದಡದತ್ತ ತಳ್ಳುತ್ತದೆ ನಿಜ, ಆದರೆ ಅಲೆಗಳನ್ನೂ ಎಬ್ಬಿಸುತ್ತದೆ; ಓರೆಯಾಗಿ ಬೀಸಿದರೆ ಕಯಾಕನ್ನು ಅಲೆಗೆ ಅಡ್ಡವಾಗಿ ತಿರುಗಿಸುತ್ತದೆ. ಐದನೆಯ ವಾಕ್ಯದ ಗತಿಯೂ ಹೀಗಾಯಿತು.

ಉಬ್ಬರವಿಳಿತದ ಲೆಕ್ಕ

ಹಿನ್ನೀರಿನಲ್ಲಿ ನೀರು ಏರುವುದು ಮಳೆಗಾಲಕ್ಕೆ, ಇಳಿಯುವುದು ಬೇಸಿಗೆಗೆ. ಸಮುದ್ರದಲ್ಲಾದರೋ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷ. ಆದಕಾರಣ ಉಬ್ಬರದ ಹೊತ್ತು ದಿನದಿನಕ್ಕೆ ಸುಮಾರು ೫೦ ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಮೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಈ ಅಂತರ ಹತ್ತು ಮೀಟರನ್ನು ಮುಟ್ಟುವುದುಂಟು. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಒಂದೆರಡು ಮೀಟರಿನೊಳಗೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ನಾವಿಕರು ಇದಕ್ಕೊಂದು ಸುಲಭ ಸೂತ್ರವಿಟ್ಟುಕೊಂಡಿದ್ದಾರೆ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಯೆಂದು ಹಿಡಿದು, ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಗಂಟೆಗಂಟೆಗೂ ಕ್ರಮವಾಗಿ ೧, ೨, ೩, ೩, ೨, ೧ ಪಾಲು ಏರುತ್ತದೆ. ಏರಿಕೆ ೧೨೦ ಸೆಂಟಿಮೀಟರಾದರೆ ಮೊದಲ ಗಂಟೆಯಲ್ಲಿ ೧೦, ಎರಡನೆಯದರಲ್ಲಿ ೨೦, ಮೂರು ನಾಲ್ಕನೆಯದರಲ್ಲಿ ೩೦–೩೦, ಆಮೇಲೆ ೨೦, ಕೊನೆಗೆ ೧೦. ನಡುವಿನ ಎರಡು ಗಂಟೆಗಳಲ್ಲಿ ಅರ್ಧ ನೀರು ಚಲಿಸುವುದರಿಂದ ಆಗಲೇ ಸೆಳೆತ ಹೆಚ್ಚು. ಅದರಲ್ಲಿಯೂ ನದಿಯು ಸಮುದ್ರವನ್ನು ಸೇರುವ ಅಳಿವೆಯಲ್ಲಿ, ಇಳಿತದ ಹೊತ್ತು, ಹೊರಕ್ಕೆ ಹರಿಯುವ ನೀರಿಗೆ ಒಳಕ್ಕೆ ಬರುವ ಅಲೆ ಎದುರಾಗಿ ಗೋಡೆಯಂತೆ ಏಳುತ್ತದೆ. ಅನುಭವಿ ಮೀನುಗಾರರೂ ಅಳಿವೆಯನ್ನು ದಾಟುವಾಗ ಹೊತ್ತು ನೋಡುತ್ತಾರೆ. ಉಬ್ಬರದ ಪಟ್ಟಿಗಳನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರಕಟಿಸುತ್ತದೆ; ಅಲೆ ಗಾಳಿಗಳ ಮುನ್ಸೂಚನೆಯನ್ನು ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ಕೊಡುತ್ತದೆ. ಇವೆಲ್ಲ ಇಂದು ಅಂಗೈಯ ಫೋನಿನಲ್ಲಿಯೇ ದೊರೆಯುತ್ತವೆ. ದೊರೆತುದನ್ನು ಓದಿ ಅರ್ಥಮಾಡಿಕೊಳ್ಳುವುದು ಮಾತ್ರ ನಮ್ಮ ಪಾಲಿನ ಕೆಲಸ.

ಹಿನ್ನೀರಿನಲ್ಲಿ ಪರೀಕ್ಷೆ

ಮಾರ್ಚಿಯ ಒಂದು ಭಾನುವಾರ, ಗೆಳೆಯನ ಬಂಧುಗಳಿಂದ ಎರವಲು ತಂದ ಎರಡು ಕಯಾಕ್‌ಗಳನ್ನು ಹಿನ್ನೀರಿಗೆ ಇಳಿಸಿದೆವು. ತಂದೆಯವರು ಹರಿಗೋಲಿನಲ್ಲಿ ಸ್ವಲ್ಪ ದೂರದಲ್ಲಿಯೇ ಇದ್ದರು. ಒಂದು ಕಿಲೋಮೀಟರನ್ನು ಅಳೆದುಕೊಂಡು ಗಡಿಯಾರ ಹಿಡಿದೆವು. ಬರಿಯ ಕಯಾಕ್‌ನಲ್ಲಿ ೧೪ ನಿಮಿಷ ಹಿಡಿಯಿತು. ಆಮೇಲೆ ಗುಡಾರ, ಅಕ್ಕಿ, ಪಾತ್ರೆ, ನೀರು ಹೇರಿದೆವು. ಒಬ್ಬನಿಗೆ ದಿನಕ್ಕೆ ೪ ಲೀಟರಿನಂತೆ ನಾಲ್ವರಿಗೆ ಎರಡು ದಿನಕ್ಕೆ ೩೨ ಲೀಟರು, ಎಂದರೆ ೩೨ ಕಿಲೋ. ನೀರೊಂದೇ ಇಷ್ಟು ಭಾರ! ಈಗ ಅದೇ ದೂರಕ್ಕೆ ೧೯ ನಿಮಿಷ ಬೇಕಾಯಿತು. ಮಧ್ಯಾಹ್ನ ಎರಡರ ಮೇಲೆ ಗಾಳಿ ಎದ್ದಿತು. ಅದಕ್ಕೆ ಎದುರಾಗಿ ಬಂದಾಗ ಅದೇ ಒಂದು ಕಿಲೋಮೀಟರಿಗೆ ೩೪ ನಿಮಿಷ.

ದ್ವೀಪ ೬ ಕಿಲೋಮೀಟರು. ಮೊದಲ ಲೆಕ್ಕದಂತೆ ೧ ಗಂಟೆ ೨೪ ನಿಮಿಷ. ಕೊನೆಯ ಲೆಕ್ಕದಂತೆ ೩ ಗಂಟೆ ೨೪ ನಿಮಿಷ. ದೂರವೆಂಬುದು ಕಿಲೋಮೀಟರಿನಲ್ಲಿಲ್ಲ, ಗಾಳಿಯಲ್ಲಿದೆ ಎಂಬುದು ಆ ದಿನ ತೋಳಿಗೆ ತಿಳಿಯಿತು.

ಅಷ್ಟರಲ್ಲಿ ನಾನಿದ್ದ ಕಯಾಕ್ ಮಗುಚಿತು. ಭಾರವನ್ನೆಲ್ಲ ಒಂದೇ ಪಕ್ಕಕ್ಕೆ ಇಟ್ಟಿದ್ದೆವು. ತಿರುಗಿಸುವಾಗ ಅಲೆಗೆ ಅಡ್ಡವಾದೆವು. ದಡ ಇನ್ನೂರು ಮೀಟರು ಇದ್ದಿರಬಹುದು. ಇಬ್ಬರೂ ಜೀವರಕ್ಷಕ ಅಂಗಿ ತೊಟ್ಟಿದ್ದೆವು. ಆದರೆ ನನ್ನ ಗೆಳೆಯ ಸೆಕೆಯೆಂದು ಪಟ್ಟಿ ಬಿಗಿದಿರಲಿಲ್ಲ. ನೀರಿಗೆ ಬಿದ್ದೊಡನೆ ಅಂಗಿ ಮೇಲಕ್ಕೇರಿ ಅವನ ಕಿವಿಗಳವರೆಗೆ ಬಂದು, ಮನುಷ್ಯ ಅದರ ಕೆಳಗೆ ಜಾರತೊಡಗಿದ. ಅವನ ಕಣ್ಣುಗಳು ಆಗ ಹೇಗಿದ್ದುವೆಂಬುದನ್ನು ನಾನು ಬರೆಯಲಾರೆ. ನಾನು ಅವನ ಕೊರಳಪಟ್ಟಿಯನ್ನು ಹಿಡಿದುಕೊಂಡೆ. ತಂದೆಯವರು ಹರಿಗೋಲು ತಂದು ಇಬ್ಬರನ್ನೂ ಒಳಕ್ಕೆಳೆದರು. ಕಟ್ಟದೆ ಇಟ್ಟಿದ್ದ ಅಕ್ಕಿಯ ಚೀಲ, ಬೆಂಕಿಪೊಟ್ಟಣ, ಒಂದು ಫೋನು ಕಾವೇರಿಯ ಪಾಲಾದುವು. ಸಹಾಯಕ್ಕೆ ಕರೆಯುವ ಸಾಧನವೇ ಮೊದಲು ಮುಳುಗುತ್ತದೆಂಬುದನ್ನು ಗಮನಿಸಬೇಕು. ಹೀಗೆ ಎರಡನೆಯ ವಾಕ್ಯವೂ ಹೋಯಿತು: ಇನ್ನೂರು ಮೀಟರಿನಲ್ಲಿ ಮಗುಚಿದವರಿಗೆ ೬ ಕಿಲೋಮೀಟರು ಕಡಲನ್ನು ದಾಟುವ ಯೋಗ್ಯತೆ ಇನ್ನೂ ಬಂದಿಲ್ಲ.

ಒಂದು ಪ್ರಶ್ನೆ

ಆ ಸಂಜೆ ಬಟ್ಟೆ ಒಣಗಿಸುತ್ತ ಕುಳಿತಿದ್ದಾಗ, ತಂದೆಯವರು ನಮ್ಮ ಯೋಜನೆಯ ಕಾಗದವನ್ನು ಓದಿ ಹೇಳೆಂದರು. ಅವರಿಗೆ ಅಕ್ಷರ ಬಾರದು. ಸಮುದ್ರವನ್ನು ಅವರು ನೋಡಿಲ್ಲ. ನಾನು ಉಬ್ಬರದ ಪಟ್ಟಿ, ಗಾಳಿಯ ವಿವರ, ಸಾಮಾನುಗಳ ತೂಕ ಎಲ್ಲವನ್ನೂ ಸ್ವಲ್ಪ ಜಂಭದಿಂದಲೇ ಓದಿದೆ. ಅವರು ಪೂರ್ತಿ ಕೇಳಿ ಒಂದೇ ಮಾತು ಕೇಳಿದರು: ‘ಹೋಗೋದೆಲ್ಲ ಬರ್ದಿದ್ದೀಯ. ಸಂಜೆ ನೀವು ಬರ್ನಿಲ್ಲ ಅಂದ್ರೆ ದಡದಲ್ಲಿ ಯಾರಿಗೆ ಗೊತ್ತಾಯ್ತದೆ?’

ನಮ್ಮ ನಾಲ್ಕು ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ನಾನು ಚಿಕ್ಕವನಾಗಿದ್ದಾಗ, ತಂದೆಯವರು ಬರುವುದು ತಡವಾದರೆ ತಾಯಿ ಲಾಟೀನು ಹಿಡಿದು ದಡಕ್ಕೆ ಹೋಗಿ ನಿಲ್ಲುತ್ತಿದ್ದರು. ಅದು ದಾರಿ ತೋರುವುದಕ್ಕೆ ಎಂದು ನಾನು ತಿಳಿದಿದ್ದೆ. ಅದು ಲೆಕ್ಕ ಇಡುವುದಕ್ಕೂ ಆಗಿತ್ತೆಂದು ಈಗ ತಿಳಿಯುತ್ತದೆ. ಇಷ್ಟು ಹೊತ್ತಿಗೆ ಬರಬೇಕಾದ ಮನುಷ್ಯ ಬಂದಿಲ್ಲವೆಂದು ಬಲ್ಲ ಒಬ್ಬರು ದಡದಲ್ಲಿದ್ದರೆ, ಆಗಲೇ ಹುಡುಕುವ ಕೆಲಸ ಆರಂಭವಾಗುತ್ತದೆ.

ಜಲಯಾತ್ರೆಯ ಅಪಾಯಗಳು ಹೋಗುವ ಉತ್ಸಾಹದಲ್ಲಿ ಮರೆತುಹೋಗುತ್ತವೆ. ೨೦೧೯ರ ಜನವರಿ ೨೧ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ೧೬ ಜನ ತೀರಿಕೊಂಡರು. ೨೦೨೨ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಾವು ಹೋಗಬೇಕೆಂದಿದ್ದ ಇದೇ ದ್ವೀಪದಲ್ಲಿ ನೀರುಪಾಲಾದರು. ಅವರೂ ನಮ್ಮ ವಯಸ್ಸಿನವರೇ. ನಮ್ಮ ಹಾಗೆಯೇ ಮನೆಯಲ್ಲಿ ಹೇಳಿ ಹೊರಟವರು.

ತಿದ್ದಿದ ಯೋಜನೆ

ಯೋಜನೆಯನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಬರೆದೆವು. ಮೊದಲು ಮರಳುವ ಹೊತ್ತು, ಆಮೇಲೆ ಹೊರಡುವ ಹೊತ್ತು. ಅದರ ಸಾರಾಂಶ ಇಷ್ಟು:

೧. ಪ್ರಯಾಣ ಡಿಸೆಂಬರಿನಲ್ಲಿ, ಅಷ್ಟಮಿಯ ಆಸುಪಾಸಿನ ದಿನಗಳಲ್ಲಿ. ಹಿಂದಿನ ಸಂಜೆ ಮುನ್ಸೂಚನೆ ಸರಿಯಿಲ್ಲದಿದ್ದರೆ ನೀರಿಗಿಳಿಯುವುದಿಲ್ಲ. ಇದರಲ್ಲಿ ಮತಗಣನೆಯಿಲ್ಲ, ಒಬ್ಬ ಬೇಡವೆಂದರೂ ಬೇಡ.

೨. ದ್ವೀಪಕ್ಕೆ ಹಗಲಿನಲ್ಲಿ ಪ್ರವಾಸಿ ದೋಣಿಯಲ್ಲಿ ಹೋಗಿ, ಬಂಡೆಗಳನ್ನು ನೋಡಿ, ಸಂಜೆಗೆ ಮೊದಲು ಮರಳುವುದು. ಚಿಪ್ಪು, ಕಲ್ಲು ಯಾವುದನ್ನೂ ತರುವುದಿಲ್ಲ.

೩. ಕಯಾಕ್ ಮತ್ತು ಗಾಳ ಕೋಡಿಬೆಂಗ್ರೆಯ ಒಳನೀರಿನಲ್ಲಿ. ಅಲ್ಲಿ ಸುವರ್ಣಾ ನದಿ ಕಡಲನ್ನು ಸೇರುವ ಮೊದಲು ಶಾಂತವಾಗಿ ಹರಡಿಕೊಂಡಿದೆ. ಅಳಿವೆಯ ಕಡೆಗೆ ಹೋಗುವುದಿಲ್ಲ. ಇಳಿಯುವ ಮೊದಲು ಸ್ಥಳದ ಮೀನುಗಾರರನ್ನು ಕೇಳುವುದು. ಅವರ ಬಲೆಗಳಿಂದ ದೂರವಿರುವುದು. ತಿನ್ನುವಷ್ಟು ಕಾಣೆ ಮೀನು ಸಿಕ್ಕರೆ ಸಾಕು, ಮರಿಗಳನ್ನು ನೀರಿಗೇ ಬಿಡುವುದು.

೪. ಗುಡಾರವನ್ನು ದಡದಲ್ಲಿ, ಸ್ಥಳದ ಒಡೆಯರನ್ನು ಕೇಳಿಕೊಂಡು, ಉಬ್ಬರದ ಗೆರೆಯಿಂದ ಬಹು ದೂರದಲ್ಲಿ ಹಾಕುವುದು.

೫. ಅಂಗಿಯ ಪಟ್ಟಿಯನ್ನು ಒಬ್ಬರದನ್ನು ಇನ್ನೊಬ್ಬರು ಎಳೆದು ನೋಡುವುದು. ಎಲ್ಲ ಸಾಮಾನನ್ನೂ ಕಟ್ಟುವುದು. ಸೀಟಿ ಕೊರಳಲ್ಲಿ, ಫೋನು ನೀರು ನುಗ್ಗದ ಚೀಲದಲ್ಲಿ, ಮೈಗೆ ಕಟ್ಟಿಕೊಂಡು. ಕರಾವಳಿ ರಕ್ಷಣಾ ಪಡೆಯ ೧೫೫೪, ತುರ್ತು ಸಹಾಯದ ೧೧೨, ಈ ಎರಡು ಸಂಖ್ಯೆಗಳು ನಾಲ್ವರಿಗೂ ಬಾಯಿಪಾಠ.

೬. ದಡದಲ್ಲಿ ಒಬ್ಬರು. ಅವರ ಕೈಯಲ್ಲಿ ನಮ್ಮ ಹೆಸರು, ದಾರಿ, ಮರಳುವ ಹೊತ್ತು. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೀರಿದರೆ ಅವರು ಕರೆ ಮಾಡುತ್ತಾರೆ.

ಇದನ್ನು ಕೇಳಿ ಗೆಳೆಯರಲ್ಲೊಬ್ಬ ಬೇಸರದಿಂದ, ‘ಡಿಸೆಂಬರಿನ ಹೊತ್ತಿಗೆ ನಾವು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿರುತ್ತೇವೆ, ಈಗ ಹೋಗದಿದ್ದರೆ ಇನ್ನೆಂದೂ ಹೋಗುವುದಿಲ್ಲ’ ಎಂದ. ಅವನ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ನೋಡಬೇಕಾಗಿದೆ, ಒಬ್ಬ ಬಿ.ಎಡ್. ಸೇರುತ್ತಾನೆ, ಒಬ್ಬನ ಮನೆಯಲ್ಲಿ ಹೊಲ ಕಾಯುತ್ತಿದೆ. ನನ್ನ ದಿಕ್ಕು ಯಾವುದೆಂದು ನನಗೇ ಗೊತ್ತಿಲ್ಲ. ಆದರೂ ನಾಲ್ವರಲ್ಲಿ ಒಬ್ಬ ಕಡಮೆಯಾಗಿ ಮರಳುವ ಪ್ರವಾಸಕ್ಕಿಂತ, ನಾಲ್ವರೂ ಕಾದು ಹೋಗುವ ಪ್ರವಾಸ ಮೇಲಲ್ಲವೆ? ಹಿನ್ನೀರಿನಲ್ಲಿ ನಾನು ಕೊರಳಪಟ್ಟಿ ಹಿಡಿದಿದ್ದ ಗೆಳೆಯನೇ ಮೊದಲು ಕೈಯೆತ್ತಿ ಡಿಸೆಂಬರಿಗೆ ಒಪ್ಪಿದನು. ಆಮೇಲೆ ಮಿಕ್ಕವರೂ ಒಪ್ಪಿದರು. ತಲೆಗೆ ತಿಂಗಳಿಗೆ ೩೦೦ ರೂಪಾಯಿಯಂತೆ ಕೂಡಿಡುವುದೆಂದು ನಿರ್ಧರಿಸಿ, ಮೊದಲ ಕಂತನ್ನು ಅಂದೇ ಹಾಕಿದೆವು.

ಆರನೆಯ ಅಂಶದಲ್ಲಿ ‘ದಡದಲ್ಲಿ ಒಬ್ಬರು’ ಎಂದು ಬರೆದೆನಷ್ಟೆ. ಆ ಜಾಗ ಬಹಳ ದಿನ ಖಾಲಿಯಾಗಿಯೇ ಇತ್ತು. ಕಳೆದ ವಾರ ತಂದೆಯವರನ್ನು ಕೇಳಿದೆ. ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದವರು ತಲೆಯೆತ್ತದೆ, ಆ ತಿಂಗಳಲ್ಲಿ ಮೀನು ಹೇಗಿರುತ್ತದೋ ನೋಡಬೇಕು, ಎರಡು ದಿನದ ಕೆಲಸ ಬಿಡಬೇಕಾಗುತ್ತದೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಸಮುದ್ರದ ನೀರು ನಿಜವಾಗಿಯೂ ಅಷ್ಟು ಉಪ್ಪೇ ಎಂದು ಕೇಳಿದರು. ಅವರ ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿದ್ದೇವೆ.